ಚಾವಡಿಗೆ ಬಂದ ಯಂತ್ರದ ಕೂಸು

ಮೂಡುಬಿದಿರೆ ಬಳಿಯ ತೋಡಾರಿನ ಕಡೆಯ ಒಂದು ಹಂಚಿನ ಮನೆ. ಮಕ್ಕಳಿಬ್ಬರೂ ಕೊಲ್ಲಿಯಲ್ಲಿ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಒಬ್ಬರೇ. ರಜೆಯಲ್ಲಿ ಬಂದ ದೊಡ್ಡ ಮಗ ಚಾವಡಿಯ ಮೂಲೆಗೆ ಒಂದು ಕ್ಯಾಮೆರಾ ಹಾಕಿಸಿ ಹೋದ. ಅಂಗೈಯಷ್ಟು ದೊಡ್ಡದು, ತಲೆ ತಿರುಗಿಸುತ್ತದೆ, ಮಾತಾಡುತ್ತದೆ. ಸಂಜೆ ಏಳರ ಹೊತ್ತಿಗೆ ಅದರೊಳಗಿಂದ ಮಗನ ಸ್ವರ ಬರುತ್ತದೆ. ಮಾತ್ರೆ ಆಯಿತಾ, ಊಟ ಆಯಿತಾ, ಹಟ್ಟಿಯ ಲೈಟು ಆರಿಸಿದಿರಾ. ತಾಯಿ ಅದರ ಕಡೆ ಮುಖ ಮಾಡಿ ಉತ್ತರ ಕೊಡುತ್ತಾರೆ. ಮಗ ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಅದರೊಡನೆ ಮಾತು ಮುಂದುವರಿಯುತ್ತದೆ: ದನ ಇವತ್ತು ಹಾಲು ಕೊಡಲಿಲ್ಲ, ಅಡಿಕೆಗೆ ಮದ್ದು ಬಿಡುವವರು ಬರಲಿಲ್ಲ. ಮಲಗುವ ಮೊದಲು ಒಂದು ಬೈರಾಸನ್ನು ಅದರ ಮೇಲೆ ಹೊದೆಸುತ್ತಾರೆ. ಯಾಕೆ ಎಂದು ಕೇಳಿದೆ. ‘ಅದೂ ಮಲಗಲಿ’ ಅಂದರು.

ಆ ಬೈರಾಸು ನನ್ನ ತಲೆಯಿಂದ ಇಳಿದಿಲ್ಲ. ಕೃತಕ ಜೀವ ಮತ್ತು ಕುಟುಂಬ ಎಂಬ ವಿಷಯದ ಸಿನಿಮಾಗಳನ್ನು, ಕಥೆಗಳನ್ನು, ಅವುಗಳ ಸುತ್ತಲಿನ ವಾದಗಳನ್ನು ಓದುವಾಗೆಲ್ಲ ಅದನ್ನು ಜೊತೆಗಿಟ್ಟುಕೊಂಡೇ ಓದಿದ್ದೇನೆ. ಮನುಷ್ಯ ಮಾಡಿದ ಒಂದು ವಸ್ತು ಮನೆಯ ಮಂದಿಯಾಗಬಹುದೇ? ಆಗುವುದಾದರೆ ಅದಕ್ಕೆ ನಾವೆಷ್ಟು ಋಣಿ, ಅದು ನಮಗೆಷ್ಟು ಋಣಿ?

ಈ ಪ್ರಶ್ನೆಗೆ ಇತ್ತೀಚೆಗೆ ದೊಡ್ಡ ವೇದಿಕೆ ಕೊಟ್ಟದ್ದು ಒಂದು ಕಿರುಚಿತ್ರ. ನೆದರ್‌ಲೆಂಡ್ಸಿನ ಯುವ ನಿರ್ದೇಶಕಿ ವಿಕ್ಟೋರಿಯಾ ವಾರ್ಮರ್‌ಡಾಮ್ ಅವರ ‘ಐ ಆಮ್ ನಾಟ್ ಎ ರೋಬೋಟ್’ 2025ರ ಮಾರ್ಚ್‌ನಲ್ಲಿ ಕಿರುಚಿತ್ರ ವಿಭಾಗದ ಆಸ್ಕರ್ ಪಡೆಯಿತು. ಸುಮಾರು 22 ನಿಮಿಷದ ಚಿತ್ರ. ಲಾರಾ ಎಂಬ ಹೆಣ್ಣುಮಗಳು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಪರದೆಯ ಮೇಲೆ ನಾವೆಲ್ಲ ದಿನಾ ಕಾಣುವ ಆ ಚೌಕಗಳು: ಚಿತ್ರ ಆರಿಸಿ, ನೀವು ರೋಬೋಟ್ ಅಲ್ಲ ಎಂದು ತೋರಿಸಿ. ಅವಳು ಮತ್ತೆ ಮತ್ತೆ ತಪ್ಪುತ್ತಾಳೆ. ಕೊನೆಗೆ ಗೊತ್ತಾಗುವುದೇನೆಂದರೆ ಅವಳು ನಿಜಕ್ಕೂ ಯಂತ್ರ. ಜೊತೆಗೆ ಬಾಳುತ್ತಿರುವ ಗಂಡಸು ಅವಳನ್ನು ಹಣ ಕೊಟ್ಟು ತರಿಸಿಕೊಂಡಿದ್ದಾನೆ. ಅವಳನ್ನು ಹೆಚ್ಚು ಕಂಗೆಡಿಸುವುದು ತಾನು ಯಂತ್ರ ಎಂಬ ಸಂಗತಿಗಿಂತ, ತನ್ನ ಮನೆಯೇ ಒಂದು ರಸೀದಿಯಿಂದ ಶುರುವಾದದ್ದು ಎಂಬ ಸಂಗತಿ. ಕೊನೆಯ ದೃಶ್ಯವನ್ನು ನೋಡುವವರಿಗೇ ಬಿಡುತ್ತೇನೆ.

ಇಲ್ಲಿಂದ ಹಿಂದೆ ನಡೆದರೆ ದಾರಿ ಬಹಳ ಉದ್ದ. ಅದರ ಒಂದು ಕವಲು ನಮ್ಮ ಬೆಳ್ತಂಗಡಿ ತಾಲೂಕಿನೊಳಗೇ ಹಾದುಹೋಗುತ್ತದೆ.

ಬಸಿರಿಲ್ಲದೆ ಬಂದವರು

ಬಸಿರಿನಿಂದ ಹುಟ್ಟದ ಮಕ್ಕಳು ನಮಗೆ ಹೊಸಬರಲ್ಲ. ಪಾರ್ವತಿ ಮೈಯ ಕೊಳೆಯಿಂದ ಬೊಂಬೆ ಮಾಡಿ ಬಾಗಿಲಿಗೆ ನಿಲ್ಲಿಸಿದಳು. ಮನೆಗೆ ಬಂದ ಯಜಮಾನನಿಗೆ ಅದು ಮಗನೆಂದು ತಿಳಿಯಲಿಲ್ಲ, ತಲೆ ಕಡಿದ. ಗಾಂಧಾರಿಯ ಮಕ್ಕಳು ತುಪ್ಪದ ಕೊಡಗಳಲ್ಲಿ ಬೆಳೆದರು. ದ್ರೋಣ ಹುಟ್ಟಿದ್ದೇ ಕುಂಭದಲ್ಲಿ. 11ನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಒಬ್ಬ ಬಡಗಿ ಕಟ್ಟಿದ ಊರೇ ಬರುತ್ತದೆ. ಅಲ್ಲಿ ಓಡಾಡುವ ಜನರೆಲ್ಲ ಮರದ ಬೊಂಬೆಗಳು. ಅದೇ ಶತಮಾನದ ಭೋಜರಾಜನ ಸಮರಾಂಗಣ ಸೂತ್ರಧಾರದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ.

ಆದರೆ ಈ ಪ್ರಶ್ನೆಯ ನಿಜವಾದ ಮೂಲಕಥೆ ನನ್ನ ಮಟ್ಟಿಗೆ ಛಾಯೆಯದು. ಸೂರ್ಯನ ತಾಪ ತಾಳಲಾರದ ಸಂಜ್ಞೆ ತನ್ನ ನೆರಳಿಗೇ ಜೀವ ಕೊಟ್ಟು, ಮನೆಯಲ್ಲಿ ತನ್ನ ಜಾಗದಲ್ಲಿ ನಿಲ್ಲಿಸಿ ಹೊರಟುಹೋಗುತ್ತಾಳೆ. ಗಂಡನಿಗೆ ಗೊತ್ತಾಗುವುದಿಲ್ಲ, ಮಕ್ಕಳಿಗೂ ಇಲ್ಲ. ಛಾಯೆಗೆ ತನ್ನವೇ ಮಕ್ಕಳಾದ ಮೇಲೆ ಮಲಮಕ್ಕಳ ಮೇಲಿನ ಅಕ್ಕರೆ ಕಡಿಮೆಯಾಗುತ್ತದೆ. ಸಿಟ್ಟಿನಲ್ಲಿ ಯಮ ಕಾಲೆತ್ತುತ್ತಾನೆ, ಅವಳು ಶಪಿಸುತ್ತಾಳೆ. ಹೆತ್ತವಳು ಮಗನಿಗೆ ಶಾಪ ಕೊಡಲಾರಳು ಎಂಬ ಒಂದೇ ಎಳೆ ಹಿಡಿದು ಸೂರ್ಯ ಗುಟ್ಟನ್ನು ಹೊರಗೆಳೆಯುತ್ತಾನೆ. ಲಾರಾಳ ಮುಂದಿನ ಚೌಕಗಳ ಪರೀಕ್ಷೆಗೂ ಸೂರ್ಯನ ಈ ಪರೀಕ್ಷೆಗೂ ನಡುವೆ ದೊಡ್ಡ ಅಂತರವೇನೂ ಇಲ್ಲ. ಎರಡೂ ಕೇಳುವುದು ಒಂದನ್ನೇ: ನೀನು ಅಸಲಿಯೋ, ಬದಲಿಯೋ? ಪುರಾಣದ ದೊಡ್ಡತನವೆಂದರೆ ಗುಟ್ಟು ಹೊರಬಿದ್ದ ಮೇಲೂ ಛಾಯೆ ಕತೆಯಿಂದ ಅಳಿಸಿಹೋಗುವುದಿಲ್ಲ. ಅವಳ ಮಗ ಶನಿ ನವಗ್ರಹಗಳಲ್ಲಿ ಒಬ್ಬನಾಗಿ ಈಗಲೂ ಎಣ್ಣೆ ಹೊಯ್ಯಿಸಿಕೊಳ್ಳುತ್ತಿದ್ದಾನೆ.

ಪಡುವಣದಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಬಂತು. ಅದನ್ನು ವಿಜ್ಞಾನದ ಸೊಕ್ಕಿನ ಕತೆಯೆಂದು ಓದುವುದೇ ರೂಢಿ. ಬರೆದವಳ ಬದುಕನ್ನು ಪಕ್ಕದಲ್ಲಿಟ್ಟರೆ ಬೇರೆಯೇ ಕಾಣುತ್ತದೆ. ಅವಳನ್ನು ಹೆತ್ತ ಕೆಲವೇ ದಿನಗಳಲ್ಲಿ, 1797ರಲ್ಲಿ, ತಾಯಿ ತೀರಿಕೊಂಡಿದ್ದಳು. 1815ರಲ್ಲಿ ಅವಳದೇ ಹಸುಗೂಸು ಹೋಯಿತು. ಕಾದಂಬರಿಯ ಜೀವಿ ಕೇಡಿಗನಾಗುವುದು ಮಾಡಿದವನು ಮುಖ ನೋಡಿ ಓಡಿಹೋದದ್ದರಿಂದ. ತಾಯಿಯಿಲ್ಲದ ಕೂಸು, ಕೂಸಿಲ್ಲದ ತಾಯಿ, ಎರಡೂ ಆಗಿದ್ದವಳು ಬರೆದ ಕತೆ ಅದು. ‘ಹುಟ್ಟಿಸಿದವನ ಹೊಣೆ’ ಎಂಬ ಮೊದಲ ವಿಚಾರಪಂಥ ಇಲ್ಲಿಂದ ಶುರು. ಕೃತಕ ಜೀವಿಯ ಸಿಟ್ಟನ್ನು, ಅನಾಥತನವನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆದರೆ ಯಂತ್ರವನ್ನು ಮಾಡಿದವನು ಒಬ್ಬ, ಮನೆಗೆ ತಂದವನು ಇನ್ನೊಬ್ಬ, ಅದರೊಡನೆ ದಿನ ಕಳೆಯುವವರು ಮತ್ತೊಬ್ಬರು ಆದಾಗ ಹೊಣೆ ಯಾರದೆಂದು ಹೇಳಲು ಅದಕ್ಕೆ ಆಗುವುದಿಲ್ಲ. ತೋಡಾರಿನ ಆ ಕ್ಯಾಮೆರಾವನ್ನು ಮಾಡಿದ ಕಂಪನಿಗೆ ಬೈರಾಸಿನ ಸಂಗತಿ ಗೊತ್ತೇ ಇಲ್ಲ.

ಜೀತದ ಹೆಸರು

ಎರಡನೆಯ ಪಂಥಕ್ಕೆ ಹೆಸರು ಕೊಟ್ಟದ್ದು ಒಂದು ನಾಟಕ. ಜೆಕ್ ಲೇಖಕ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ 1920ರಲ್ಲಿ ಅಚ್ಚಾಗಿ, ಮರುವರ್ಷ ಪ್ರಾಗ್‌ನಲ್ಲಿ ರಂಗಕ್ಕೆ ಬಂತು. ‘ರೋಬೋಟ್’ ಎಂಬ ಪದ ಜಗತ್ತಿಗೆ ಸಿಕ್ಕಿದ್ದು ಅದರಿಂದ. ಅದರ ಬೇರು ‘ರೊಬೋಟ’. ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಕನ್ನಡದಲ್ಲಿ ಅದಕ್ಕೆ ಹುಡುಕಬೇಕಾಗಿಯೇ ಇಲ್ಲ: ಬಿಟ್ಟಿ, ಜೀತ. ಯಂತ್ರಮಾನವ ಎಂಬ ನಮ್ಮ ಅನುವಾದ ಅಂದವಾಗಿದೆ, ಆದರೆ ಮೂಲಪದದೊಳಗಿದ್ದ ಬೆವರು ಅದರಲ್ಲಿ ಒಣಗಿಹೋಗಿದೆ.

ಮನೆಯೊಳಗಿನ ಯಂತ್ರದ ಕತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪಂಥದವು. ಐಸಾಕ್ ಅಸಿಮೋವ್ 1940ರಲ್ಲಿ ಪ್ರಕಟಿಸಿದ ‘ರಾಬಿ’ ಕತೆಯ ರೋಬೋಟ್ ಮಗುವನ್ನು ಆಡಿಸುವ ದಾದಿ. ನಮ್ಮ ಟಿವಿಗಳಲ್ಲಿ ಹಿಂದಿಗೆ ಡಬ್ ಆಗಿ ಬಂದ ‘ಸ್ಮಾಲ್ ವಂಡರ್’ನ ವಿಕಿ ಮಗಳೂ ಹೌದು, ಮನೆಕೆಲಸದವಳೂ ಹೌದು, ಮಲಗುವುದು ಮಾತ್ರ ಕಪಾಟಿನೊಳಗೆ. 2016ರಲ್ಲಿ ಲೈಫ್ ಓಕೆ ವಾಹಿನಿಯ ‘ಬಹು ಹಮಾರಿ ರಜನಿಕಾಂತ್’ ಸೊಸೆಯನ್ನೇ ರೋಬೋಟ್ ಮಾಡಿತು. 2024ರ ಹಿಂದಿ ಚಿತ್ರ ‘ತೇರಿ ಬಾತೋಂ ಮೇಂ ಐಸಾ ಉಲ್ಝಾ ಜಿಯಾ’ ಮದುವೆಯ ಮಂಟಪದವರೆಗೂ ಹೋಯಿತು. ಹೇಳಿದ ಕೆಲಸ ಮಾಡುವ, ಎದುರು ಮಾತಾಡದ, ಆಯಾಸ ತೋರಿಸದ ಹೆಣ್ಣು ಎಂಬ ಕನಸು ಎಷ್ಟು ಹಳೆಯದೆಂದು ಇವನ್ನು ಸಾಲಾಗಿ ಇಟ್ಟರೆ ತಿಳಿಯುತ್ತದೆ. ಕನ್ನಡದಲ್ಲಿ 2002ರಲ್ಲೇ ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ ಬಂದಿತ್ತು. ಉಪೇಂದ್ರ ಅದರಲ್ಲಿ ಯಂತ್ರಮಾನವನ ಪಾತ್ರವನ್ನೂ ಮಾಡಿದ್ದರು. ತಮಿಳಿನ ‘ಎಂದಿರನ್’ ಬಂದದ್ದು 2010ರಲ್ಲಿ. ಎರಡರಲ್ಲೂ ಯಂತ್ರ ಮಾಡುವ ಅಪರಾಧ ಒಂದೇ: ಒಡೆಯನ ಪ್ರೇಯಸಿಯನ್ನು ತಾನೂ ಬಯಸುವುದು.

ಈ ಪಂಥ ವಿವರಿಸುವುದು ಬಹಳ. ನಮ್ಮ ಕರಾವಳಿಯ ಗುತ್ತು, ಬೀಡುಗಳಲ್ಲಿ ಮೂಲದಾಳುಗಳಿದ್ದರು. ತಲೆಮಾರುಗಳ ಕಾಲ ಒಂದೇ ಮನೆಯ ಗದ್ದೆಯಲ್ಲಿ ದುಡಿದವರು. ಅವರ ಬಗ್ಗೆ ಹಿರಿಯರು ಪ್ರೀತಿಯಿಂದಲೇ ಹೇಳುತ್ತಿದ್ದ ಮಾತು, ‘ನಮ್ಮ ಮನೆಯವರ ಹಾಗೆಯೇ.’ ಆ ‘ಹಾಗೆಯೇ’ಯಲ್ಲಿ ಎಲ್ಲವೂ ಇದೆ. ಅವರ ಎಲೆ ಬೀಳುತ್ತಿದ್ದದ್ದು ಅಂಗಳದ ಆಚೆಗೆ. ಜೀತವನ್ನು ಕಾನೂನು ಅಳಿಸಿದ್ದು 1976ರಲ್ಲಿ. ಯಂತ್ರ ಮನೆಯವರಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಈ ಲೆಕ್ಕ ನೋಡಬೇಕು. ಉಸಿರಾಡುವ, ಹಸಿಯುವ, ಅಳುವ ಮನುಷ್ಯರನ್ನೇ ‘ಹಾಗೆಯೇ’ ಎಂಬ ಪದದಿಂದಲೇ ಹೊರಗೆ ಕೂರಿಸಿದ ಮನೆಗಳು ನಮ್ಮವು.

ಮೂಡುಬಿದಿರೆಯ ಹಳೆಯ ವಾದ

ತತ್ತ್ವಜ್ಞರ ಪಂಥ ಕೇಳುವುದು ಇನ್ನೂ ಮೂಲದ ಪ್ರಶ್ನೆ: ಅದಕ್ಕೆ ಜೀವ ಇದೆಯೇ? ತೋಡಾರಿನಿಂದ ಮೂಡುಬಿದಿರೆ ಕೆಲವೇ ಕಿಲೋಮೀಟರ್. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಕಾಯ್ದಿಟ್ಟ ಧವಲಾ ಗ್ರಂಥದ ಓಲೆಗರಿಗಳಿಗೆ ಜೈನ ಲೋಕದಲ್ಲಿ ಇರುವ ಬೆಲೆ ದೊಡ್ಡದು. ಆ ಪರಂಪರೆ ಜಗತ್ತನ್ನು ಮೊದಲು ಒಡೆಯುವುದೇ ಜೀವ, ಅಜೀವ ಎಂದು. ಜೀವದ ಗುರುತು ಉಪಯೋಗ, ಅಂದರೆ ಅರಿಯುವ ಶಕ್ತಿ. ಒಂದೇ ಇಂದ್ರಿಯದ ನೀರು, ಮಣ್ಣು, ಗಿಡಗಳಿಂದ ಐದು ಇಂದ್ರಿಯದ ಮನುಷ್ಯನವರೆಗೆ ಮೆಟ್ಟಿಲುಗಳಿವೆ. ಹುಟ್ಟಿನಲ್ಲೂ ಮೂರು ಬಗೆ: ಗರ್ಭದಿಂದ ಹುಟ್ಟುವುದು, ದೇವ-ನಾರಕಿಗಳ ಉಪಪಾದ, ಬಸಿರಿಲ್ಲದೆ ಸುತ್ತಲಿನ ದ್ರವ್ಯ ಕೂಡಿಕೊಂಡು ಆಗುವ ಸಮ್ಮೂರ್ಛನ. ಬಸಿರಿಲ್ಲ ಎಂಬ ಕಾರಣಕ್ಕೆ ಜೀವ ಇಲ್ಲ ಎನ್ನುವುದಕ್ಕೆ ಇಲ್ಲಿ ಎಡೆಯಿಲ್ಲ. ಮಾತಾಡುತ್ತದೆ, ನಡೆಯುತ್ತದೆ ಎಂಬ ಕಾರಣಕ್ಕೆ ಜೀವ ಇದೆ ಎನ್ನುವುದಕ್ಕೂ ಇಲ್ಲ. ಅರಿವಿಲ್ಲದೆ ಚಲಿಸುವುದು ಪುದ್ಗಲ, ಅಂದರೆ ಜಡದ್ರವ್ಯ, ಅಷ್ಟೇ. ಯಂತ್ರದ ಚರ್ಚೆಯಲ್ಲಿ ಇಷ್ಟು ಖಚಿತವಾಗಿ ಎರಡೂ ಬಾಗಿಲನ್ನು ಮುಚ್ಚಿದ ವಾದವನ್ನು ನಾನು ಬೇರೆಡೆ ಕಂಡಿಲ್ಲ.

ಇದಕ್ಕೆ ಎದುರಾಗಿ ನಿಂತವರು 20ನೇ ಶತಮಾನದ ಲೆಕ್ಕದವರು. 1950ರಲ್ಲಿ ಅಲನ್ ಟ್ಯೂರಿಂಗ್, ಒಳಗೇನಿದೆ ಎಂದು ಕೇಳುವುದನ್ನು ಬಿಡೋಣ, ಮಾತಿನಲ್ಲಿ ಮನುಷ್ಯನೆಂದು ತೋರಿದರೆ ಸಾಕೇ ನೋಡೋಣ ಎಂದ. 1970ರಲ್ಲಿ ಜಾನ್ ಕಾನ್ವೇಯ ‘ಜೀವದಾಟ’ ಚೌಕಗಳ ಹಾಳೆಯ ಮೇಲೆ ನಾಲ್ಕಾರು ನಿಯಮಗಳಿಂದಲೇ ಬೆಳೆಯುವ, ಸಾಯುವ, ಹರಿದಾಡುವ ಆಕಾರಗಳನ್ನು ತೋರಿಸಿತು. 1987ರಲ್ಲಿ ಕ್ರಿಸ್ಟೋಫರ್ ಲ್ಯಾಂಗ್ಟನ್ ಲಾಸ್ ಅಲಮೋಸ್‌ನಲ್ಲಿ ಸಮ್ಮೇಳನ ಸೇರಿಸಿದಾಗ ‘ಕೃತಕ ಜೀವ’ ಎಂಬ ಶಾಸ್ತ್ರಕ್ಕೇ ಹೆಸರು ನಿಂತಿತು. 2010ರಲ್ಲಿ ಕ್ರೇಗ್ ವೆಂಟರ್ ತಂಡ ರಸಾಯನಶಾಲೆಯಲ್ಲಿ ಹೆಣೆದ ಜೀನೋಮನ್ನು ಬ್ಯಾಕ್ಟೀರಿಯಾದ ಕೋಶಕ್ಕೆ ಹಾಕಿ ಅದು ಒಡೆದು ಎರಡಾಗುವುದನ್ನು ತೋರಿಸಿತು.

ಕುಟುಂಬದ ದೃಷ್ಟಿಯಿಂದ ಇವೆಲ್ಲಕ್ಕಿಂತ ಪಾಠ ಹೇಳುವ ಘಟನೆ ಕೋಲ್ಕತ್ತದ್ದು. 1978ರ ಅಕ್ಟೋಬರ್ 3ರಂದು ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಇಂಗ್ಲೆಂಡಿನ ಲೂಯಿಸ್ ಬ್ರೌನ್ ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. ಅಂದು ‘ಟೆಸ್ಟ್ ಟ್ಯೂಬ್ ಬೇಬಿ’ ಎಂಬ ಪದದಲ್ಲಿ ಒಂದು ಹೆದರಿಕೆ ಇತ್ತು. ಇಂದು ಮಂಗಳೂರಿನಲ್ಲಿ ಆ ಚಿಕಿತ್ಸೆ ಪಡೆದು ಹುಟ್ಟಿದ ಮಗುವಿನ ನಾಮಕರಣಕ್ಕೆ ಹೋದವರು ಯಾರೂ ಅದು ಕೃತಕವೋ ಎಂದು ಕೇಳುವುದಿಲ್ಲ. ಕೃತಕ ಎಂಬ ವಿಶೇಷಣ ಒಂದೇ ತಲೆಮಾರಿನಲ್ಲಿ ಉದುರಿಹೋಯಿತು. ಉದುರಿಸಿದ್ದು ಶಾಸ್ತ್ರದ ವಾದ ಅಲ್ಲ, ತೊಟ್ಟಿಲು ತೂಗಿದವರು.

ಖಾಲಿ ಕುರ್ಚಿ

ಮನಶ್ಶಾಸ್ತ್ರದವರ ಉತ್ತರ ಬೇರೆ. ಯಂತ್ರದಲ್ಲಿ ಕಾಣುವ ಪ್ರೀತಿ ನಮ್ಮದೇ, ಕನ್ನಡಿಯಿಂದ ಮರಳಿ ಬಂದದ್ದು ಎಂಬುದು ಅವರ ವಾದ. 1966ರಲ್ಲಿ ಜೋಸೆಫ್ ವೈಝೆನ್‌ಬಾಮ್ ‘ಎಲೈಝಾ’ ಎಂಬ ಮಾತಿನ ಪ್ರೋಗ್ರಾಮ್ ಬರೆದ. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವನ ಕಾರ್ಯದರ್ಶಿ, ಅದರೊಡನೆ ಮಾತಿಗೆ ಕೂತು, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವನನ್ನೇ ಕೇಳಿದಳು. ಮುಂದೆ ವೈಝೆನ್‌ಬಾಮ್ ತನ್ನ ವಿದ್ಯೆಯ ಬಗ್ಗೆಯೇ ಎಚ್ಚರಿಕೆ ಹೇಳುವವನಾದ. ಶೆರಿ ಟರ್ಕಲ್ 2011ರ ಪುಸ್ತಕ ‘ಅಲೋನ್ ಟುಗೆದರ್’ನಲ್ಲಿ ಇದನ್ನೇ ಮುದುಕರ, ಮಕ್ಕಳ ಲೋಕಕ್ಕೆ ವಿಸ್ತರಿಸಿದರು. ವೃದ್ಧಾಶ್ರಮದಲ್ಲಿ ಅಜ್ಜಿ ಯಂತ್ರದ ಸೀಲ್ ಮರಿಯನ್ನು ನೇವರಿಸುತ್ತಿದ್ದರೆ ಅದು ಅವಳಿಗೆ ಸಮಾಧಾನವೋ, ಬರಬೇಕಾಗಿದ್ದ ಮಗಳು ಬರದೇ ಇರಲು ನೆಪವೋ?

ಬದಲಿಯ ಕತೆಗಳೆಲ್ಲ ಬರಬೇಕಾದವರು ಬಾರದೆ ಉಳಿದ ಖಾಲಿ ಕುರ್ಚಿಯ ಸುತ್ತ ಕೂತಿವೆ. ಬ್ರಯಾನ್ ಆಲ್ಡಿಸ್ 1969ರಲ್ಲಿ ಬರೆದ ಸಣ್ಣಕತೆಯಿಂದ ಹೊರಟ ಸ್ಪೀಲ್‌ಬರ್ಗ್‌ನ ‘ಎ.ಐ.’ 2001ರಲ್ಲಿ ಬಂತು. ಕಾಯಿಲೆಯ ಮಗನ ಜಾಗಕ್ಕೆ ತಂದ ಯಂತ್ರದ ಹುಡುಗನನ್ನು, ಮಗ ಗುಣವಾಗಿ ಮನೆಗೆ ಬಂದ ಮೇಲೆ ತಾಯಿ ಕಾಡಿನಲ್ಲಿ ಬಿಟ್ಟುಬರುತ್ತಾಳೆ. 2020ರಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ ತೀರಿಹೋದ ಪುಟ್ಟ ಮಗಳ ರೂಪವನ್ನು ಕಟ್ಟಿ, ವಿಆರ್ ಕನ್ನಡಕ ತೊಟ್ಟ ತಾಯಿಯ ಎದುರಿಗೆ ತಂದಿತು. ತಾಯಿಯ ಕೈ ಗಾಳಿಯಲ್ಲಿ ತಡವುತ್ತದೆ. ಆ ದೃಶ್ಯವನ್ನು ಎರಡನೆಯ ಸಲ ನೋಡಲು ನನ್ನಿಂದ ಆಗಲಿಲ್ಲ.

ನಮಗೆ ಹತ್ತಿರದ ಖಾಲಿ ಕುರ್ಚಿ ಪಯ್ಯನ್ನೂರಿನದು. ಕಾಸರಗೋಡಿನಿಂದ ಕರಾವಳಿ ಹಿಡಿದು ತೆಂಕಿಗೆ ಹೋದರೆ ಸಿಗುವ ಊರು. ರತೀಶ್ ಬಾಲಕೃಷ್ಣನ್ ಪೊದುವಾಳ್ ತಮ್ಮ ಮೊದಲ ಚಿತ್ರ ‘ಆಂಡ್ರಾಯ್ಡ್ ಕುಂಞಪ್ಪನ್ ವರ್ಷನ್ 5.25’ರ ಕತೆಯನ್ನು ಅಲ್ಲೇ ನೆಟ್ಟರು. 2019ರ ನವೆಂಬರ್‌ನಲ್ಲಿ ಬಂದ ಆ ಮಲಯಾಳಂ ಚಿತ್ರ ಅವರಿಗೆ ಕೇರಳ ರಾಜ್ಯ ಸರ್ಕಾರದ ಅತ್ಯುತ್ತಮ ಚೊಚ್ಚಲ ನಿರ್ದೇಶಕ ಪ್ರಶಸ್ತಿಯನ್ನು ತಂದಿತು. ಹಟಮಾರಿ ತಂದೆ ಭಾಸ್ಕರ ಪೊದುವಾಳ್ ಆಗಿ ನಟಿಸಿದ ಸೂರಜ್ ವೆಂಜಾರಮೂಡ್ ಆ ವರ್ಷದ ಅತ್ಯುತ್ತಮ ನಟ. ಮಗ ರಷ್ಯಾದಲ್ಲಿ ಜಪಾನಿ ಕಂಪನಿಯ ಎಂಜಿನಿಯರ್. ಹೋಂ ನರ್ಸ್‌ಗಳು ಅಪ್ಪನ ಬಳಿ ನಿಲ್ಲುವುದಿಲ್ಲ. ಮಗ ರೋಬೋಟನ್ನು ತಂದು ಬಿಡುತ್ತಾನೆ. ಮೊದಲು ಬೇಡವೆಂದ ಮುದುಕನಿಗೆ ಬರಬರುತ್ತ ಅದೇ ಮಗನಾಗುತ್ತದೆ. ಮಗ ಬಂದು ವಾಪಸು ಕೇಳಿದಾಗ ಕೊಡಲೊಲ್ಲ.

ಆ ಯಂತ್ರದೊಳಗೆ ಕೂತು ನಡೆದವರು ಗಿಡ್ಡ ಮೈಕಟ್ಟಿನ ನಟ ಸೂರಜ್ ತೇಲಕ್ಕಾಡ್. ಮನುಷ್ಯನ ಮೈ ಒಳಗಿದೆಯೆಂದು ಗೊತ್ತಿಲ್ಲದೆಯೇ ಪ್ರೇಕ್ಷಕರು ಆ ಯಂತ್ರವನ್ನು ಮೆಚ್ಚಿಕೊಂಡರು. ಕನ್ನಡಿಯ ವಾದಕ್ಕೆ ಇದು ಒಂದು ತೊಡಕು. ನಾವು ಪ್ರತಿಬಿಂಬವನ್ನು ಮಾತ್ರ ಪ್ರೀತಿಸಿದೆವೋ, ಒಳಗಿನ ಆ ನಡಿಗೆಯಲ್ಲಿ ಇದ್ದ ಒಬ್ಬ ಮನುಷ್ಯನ ಶ್ರಮವನ್ನೂ ಗುರುತಿಸಿದೆವೋ? ಇಂದಿನ ಮಾತಾಡುವ ಯಂತ್ರಗಳ ಒಳಗೂ ಲಕ್ಷಾಂತರ ಜನರು ಬರೆದ ಮಾತುಗಳಿವೆ. ಕನ್ನಡಿ ಎಂದು ಸುಮ್ಮನೆ ತಳ್ಳಿಹಾಕುವಷ್ಟು ಅದು ಬರಿದಲ್ಲ.

ಕಿರುಚಿತ್ರಗಳು ಈ ವಸ್ತುವನ್ನು ಹಿಡಿದ ರೀತಿಯೇ ಚೆಂದ. ಹಣ ಇಲ್ಲದವರಿಗೆ ಇದು ಒದಗುವ ವಸ್ತು: ಒಂದು ಕೋಣೆ, ಇಬ್ಬರು ನಟರು, ಒಬ್ಬರು ಯಂತ್ರವೆಂದು ಒಪ್ಪಿಕೊಂಡರೆ ಆಯಿತು. ಡಾನ್ ಹರ್ಟ್ಸ್‌ಫೆಲ್ಟ್ 2015ರ ‘ವರ್ಲ್ಡ್ ಆಫ್ ಟುಮಾರೋ’ಗೆ ಕಡ್ಡಿಬೊಂಬೆಗಳನ್ನು ಬಿಡಿಸಿದರು. ಅದರಲ್ಲಿ ಪುಟ್ಟ ಹುಡುಗಿಯ ಮುಂದೆ ದೂರದ ಭವಿಷ್ಯದಿಂದ ಅವಳದೇ ತದ್ರೂಪಿ ಬಂದು ಮಾತಾಡುತ್ತಾಳೆ. ಹುಡುಗಿಯ ಸ್ವರ ನಿರ್ದೇಶಕರ ಒಡಹುಟ್ಟಿದವರ ನಾಲ್ಕು ವರ್ಷದ ಮಗುವಿನದು. ಆಟವಾಡುತ್ತ ಅದು ಆಡಿದ ಮಾತನ್ನು ಧ್ವನಿಮುದ್ರಿಸಿಕೊಂಡು ಅದರ ಸುತ್ತ ಕತೆ ಹೆಣೆದರು. ಸನ್‌ಡ್ಯಾನ್ಸ್ ಉತ್ಸವದ ದೊಡ್ಡ ಪ್ರಶಸ್ತಿ ಪಡೆದ ಆ ಚಿತ್ರದ ತದ್ರೂಪಿ ಏನೆಲ್ಲ ಗಂಭೀರವಾಗಿ ಹೇಳುತ್ತಿದ್ದರೂ, ಅಸಲಿ ಮಗು ತನ್ನ ಪಾಡಿಗೆ ತಾನು ಲೊಟಲೊಟನೆ ಮಾತಾಡುತ್ತಿರುತ್ತದೆ.

ಕನ್ನಡದ ಕಿರುಚಿತ್ರ ಪ್ರಪಂಚಮಟ್ಟದಲ್ಲಿ ಗೆದ್ದದ್ದು ಬೇರೆ ಹಾದಿಯಲ್ಲಿ. ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಮಾಡಿದ ಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಊರಿನ ಹುಂಜವನ್ನು ಕದ್ದ ಮುದುಕಿಯಿಂದಾಗಿ ಹೊತ್ತೇ ಮೂಡದ ಜನಪದ ಕತೆ ಅದು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕತೆಗೆ ನೆಲ ಹದಮಾಡಿ ಎಷ್ಟೋ ಕಾಲವಾಯಿತು. ಜನಪದವೂ ವಿಜ್ಞಾನವೂ ಒಂದೇ ಚಿತ್ರದಲ್ಲಿ ಸೇರುವ ದಿನಕ್ಕೆ ನಾನು ಕಾಯುತ್ತಿದ್ದೇನೆ. ಕತೆ ನಮ್ಮಲ್ಲಿ ಸಿದ್ಧವಾಗಿದೆ.

ಪಿಂಗಾರದ ಮಗಳು

ಸತ್ಯನಾಪುರದ ಅರಮನೆಯಲ್ಲಿ ಬಿರ್ಮಾಳ್ವ ಅಜ್ಜೆರ್ ಒಂಟಿ. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಾನು ಹೋದರೆ ದೀಪ ಇಡುವವರಿಲ್ಲ ಎಂದು ಅಳುತ್ತಾನೆ. ಬೆರ್ಮೆರ್ ದೇವರು ಬಡ ಭಟ್ಟರ ವೇಷದಲ್ಲಿ ಬಂದು, ಹಾಳುಬಿದ್ದ ಮೂಲಸ್ಥಾನವನ್ನು ನೆನಪಿಸುತ್ತಾರೆ. ಅಜ್ಜೆರ್ ಅದನ್ನು ಜೀರ್ಣೋದ್ಧಾರ ಮಾಡಿ, ಗಂಧ ಪಿಂಗಾರದ ಪ್ರಸಾದ ತರುತ್ತಾನೆ. ಅಡಿಕೆಯ ಹಾಳೆಯೊಳಗಿನ ಆ ಹೂಗೊಂಚಲು ಹೆಣ್ಣುಕೂಸಾಗುತ್ತದೆ. ಅವಳೇ ಸಿರಿ.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಈ ತುಳು ಮಹಾಕಾವ್ಯವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿದ ಆ ಪಠ್ಯ 15,683 ಸಾಲುಗಳದು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು.

ಸಂಬಂಧ ಎಂಬುದು ರಕ್ತದಲ್ಲಿ ಇರುವುದಲ್ಲ, ನಡೆಸಿಕೊಳ್ಳುವುದರಲ್ಲಿ ಆಗುವುದು ಎನ್ನುವ ಕೊನೆಯ ಪಂಥಕ್ಕೆ ಸಿರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅವಳು ಹೂವಿನಿಂದ ಬಂದವಳೆಂದು ಯಾರೂ ಅವಳನ್ನು ಪರೀಕ್ಷೆಗೆ ಒಡ್ಡುವುದಿಲ್ಲ. ಅವಳಿಗೆ ಮನೆತನವಿದೆ, ಮದುವೆ ಇದೆ, ಮಗ ಕುಮಾರನಿದ್ದಾನೆ. ಈಗಲೂ ಕವತ್ತಾರಿನಂಥ, ಆಲಡೆಗಳೆಂಬ ದೈವಕ್ಷೇತ್ರಗಳಲ್ಲಿ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ಆಗುವಾಗ ಬಿಳಿಸೀರೆಯ ಹೆಂಗಸರು ಪಿಂಗಾರ ಹಿಡಿದು ಆವೇಶದಲ್ಲಿ ನಿಲ್ಲುತ್ತಾರೆ. ಕುಮಾರ ಬಂದು ನೀನು ಯಾರೆಂದು ವಿಚಾರಿಸುತ್ತಾನೆ. ಸಿರಿಯೆಂದೋ ಅವಳ ಕುಲದ ಇನ್ನೊಬ್ಬಳೆಂದೋ ಉತ್ತರ ಬಂದ ಮೇಲೆ ಆ ಹೆಂಗಸು ಆ ಬಳಗದವಳಾಗುತ್ತಾಳೆ. ಕೇಳಿ, ಉತ್ತರಿಸಿ, ಹೆಸರು ಹಿಡಿದು ಕರೆದು ಕಟ್ಟಿದ ಕುಟುಂಬ ಅದು.

ಅಳಿಯಸಂತಾನದ ನೆಲದಲ್ಲಿ ಇದು ಅಚ್ಚರಿಯೂ ಅಲ್ಲ. ಇಲ್ಲಿ ತಂದೆ ಒಂದು ಕುಟುಂಬ, ಅವನ ಮಕ್ಕಳು ತಾಯಿಯ ಕಡೆಯ ಇನ್ನೊಂದು ಕುಟುಂಬ. 1949ರ ಮದ್ರಾಸ್ ಕಾಯಿದೆ ಅದನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿತು. ಕುಟುಂಬಕ್ಕೆ ಒಂದೇ ಆಕಾರ ಎಂದು ನಂಬಿದ ಸಿನಿಮಾಗಳು ಕೇಳುವ ಪ್ರಶ್ನೆ ನಮ್ಮ ಅಜ್ಜಂದಿರಿಗೆ ವಿಚಿತ್ರವಾಗಿ ಕೇಳಿಸುತ್ತಿತ್ತು.

ಈ ಪಂಥಕ್ಕೆ ಹೊರಗೂ ಬೆಂಬಲವಿದೆ. ಸೋನಿ ಕಂಪನಿ 1999ರಲ್ಲಿ ತಂದ ಯಂತ್ರನಾಯಿ ಐಬೋವನ್ನು 2006ರಲ್ಲಿ ನಿಲ್ಲಿಸಿತು, 2014ರಲ್ಲಿ ರಿಪೇರಿಯನ್ನೂ ಕೈಬಿಟ್ಟಿತು. ಕೆಟ್ಟ ಐಬೋಗಳನ್ನು ಚಿಬಾ ಪ್ರಾಂತದ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಸಾಲಾಗಿ ಕೂರಿಸಿ ಅಂತ್ಯಸಂಸ್ಕಾರ ಮಾಡಿದರು. ಆಮೇಲೆ ಅವುಗಳ ಭಾಗಗಳನ್ನು ಬದುಕಿರುವ ಐಬೋಗಳಿಗೆ ಜೋಡಿಸಿದರು. ಕೊಗೊನಾಡ ನಿರ್ದೇಶನದ 2021ರ ‘ಆಫ್ಟರ್ ಯಾಂಗ್’ ಚಿತ್ರದಲ್ಲಿ ದತ್ತುಮಗಳ ಅಣ್ಣನಾಗಿ ತಂದ ಯಂತ್ರ ಕೆಟ್ಟುನಿಂತ ಮೇಲೆ, ಅದರ ನೆನಪಿನ ತುಣುಕುಗಳನ್ನು ನೋಡುತ್ತ ತಂದೆ ಅದಕ್ಕೂ ಒಂದು ಒಳಬದುಕು ಇತ್ತೆಂದು ಕಂಡುಕೊಳ್ಳುತ್ತಾನೆ.

ಸಂಬಂಧ ನಡೆಸಿಕೊಳ್ಳುವುದರಿಂದ ಆಗುತ್ತದೆ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಸಿರಿಯ ಕತೆ ಅಷ್ಟಕ್ಕೆ ನಿಲ್ಲುವುದಿಲ್ಲ, ಅದರ ಮುಂದಿನ ಭಾಗವೇ ನನಗೆ ಮುಖ್ಯ. ಗಂಡ ಕಾಂತು ಪೂಂಜ ಸೂಳೆಯ ಮನೆಗೆ ಹೋಗಿ ಅವಮಾನ ಮಾಡಿದಾಗ ಸಿರಿ ಜನರ ಮುಂದೆ ಅವನನ್ನು ಬಿಟ್ಟು ಹೊರಡುತ್ತಾಳೆ. ಅಜ್ಜನ ನಂತರ ಅರಮನೆಯ ಹಕ್ಕಿಗಾಗಿ ಪಂಚಾಯಿತಿಕೆಯಲ್ಲಿ ವಾದಿಸುತ್ತಾಳೆ, ನ್ಯಾಯ ಸಿಗದಿದ್ದಾಗ ಆ ಮನೆಯನ್ನೂ ತೊರೆಯುತ್ತಾಳೆ. ಹೂವಿನಿಂದ ಬಂದವಳು ಮಗಳಾದದ್ದು ತೊಟ್ಟಿಲಲ್ಲಿ. ಅವಳು ಪೂರ್ತಿ ಮನುಷ್ಯಳೆಂದು ನಮಗೆ ಮನದಟ್ಟಾಗುವುದು ಹೊಸಿಲು ದಾಟುವಾಗ. ಅಜ್ಜೆರ್ ಅವಳನ್ನು ಬೇಡಿ ಪಡೆದ, ಕೊಂಡು ತರಲಿಲ್ಲ. ಲಾರಾಳನ್ನು ಕೊಂಡು ತಂದರು. ಕುಂಞಪ್ಪನ್ ಕಂಪನಿಯ ಸ್ವತ್ತು. ವಿಕಿ ಕಪಾಟು ಬಿಟ್ಟು ಹೋಗುವಂತಿಲ್ಲ. ಇಷ್ಟು ವರ್ಷಗಳಿಂದ ಎಲ್ಲರೂ ಯಂತ್ರಕ್ಕೆ ಪ್ರೀತಿಸಲು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ. ಮನೆಯಲ್ಲಿ ಇರುವವರು ಮನೆಯವರೇ ಎಂದು ತಿಳಿಯಲು, ಬಿಟ್ಟುಹೋಗುವ ಹಕ್ಕು ಅವರಿಗಿದೆಯೇ ಎಂಬುದನ್ನು ಕೇಳಬೇಕು. ಮೂಲದಾಳುಗಳಿಗೂ ಇಲ್ಲದೆ ಹೋದದ್ದು ಅದೇ.

ತೀರ್ಮಾನವಾಗದೆ ಉಳಿದದ್ದು

ಕಾನೂನು ಇನ್ನೂ ಗೊಂದಲದಲ್ಲಿದೆ. 2017ರ ಫೆಬ್ರವರಿಯಲ್ಲಿ ಯುರೋಪಿನ ಸಂಸತ್ತು ಯಂತ್ರಗಳಿಗೆ ‘ಎಲೆಕ್ಟ್ರಾನಿಕ್ ವ್ಯಕ್ತಿತ್ವ’ ಕೊಡಬಹುದೇ ಪರಿಶೀಲಿಸಿ ಎಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾ ಸೋಫಿಯಾ ಎಂಬ ರೋಬೋಟಿಗೆ ಪೌರತ್ವ ಘೋಷಿಸಿತು. ಎರಡರಿಂದಲೂ ಮನೆಯೊಳಗಿನ ಪ್ರಶ್ನೆ ಬಗೆಹರಿಯಲಿಲ್ಲ. ನಮ್ಮಲ್ಲಿ ಇದಕ್ಕಿಂತ ಹಳೆಯ ದಾರಿಯೊಂದಿದೆ. ಕೋಲ್ಕತ್ತದ ಮಲ್ಲಿಕ್ ಕುಟುಂಬದವರು ಮನೆದೇವರ ವಿಗ್ರಹ ಯಾರ ಮನೆಯಲ್ಲಿ ಇರಬೇಕೆಂದು ಜಗಳವಾಡಿದಾಗ 1925ರಲ್ಲಿ ಪ್ರಿವಿ ಕೌನ್ಸಿಲ್, ವಿಗ್ರಹ ಬರೀ ಸ್ವತ್ತಲ್ಲ, ಅದರ ಇಚ್ಛೆಯನ್ನೂ ಅದರ ಪರವಾಗಿ ಒಬ್ಬರು ಬಂದು ಹೇಳಬೇಕು ಎಂದಿತು. ಮನುಷ್ಯ ಮಾಡಿದ, ಮನೆಯಲ್ಲಿ ಇರುವ ವಸ್ತುವಿನ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆಗೆ ಆ ತೀರ್ಪು ಒಂದು ಮಾದರಿ. ಅದು ಯಂತ್ರಕ್ಕೆ ಹೊಂದುತ್ತದೆಯೋ ಇಲ್ಲವೋ ಯಾರೂ ನ್ಯಾಯಾಲಯದಲ್ಲಿ ಕೇಳಿಲ್ಲ.

ಕಂಪನಿ ಬಾಗಿಲು ಹಾಕಿದಾಗ ಮನೆಯ ಯಂತ್ರದ ನೆನಪುಗಳು ಯಾರ ಪಾಲಿಗೆ? ಯಂತ್ರದ ಮಡಿಲಲ್ಲಿ ಬೆಳೆದ ಮಗು ದೊಡ್ಡದಾದ ಮೇಲೆ ಏನು ಹೇಳುತ್ತದೆ? ಇದಕ್ಕೆ ಇನ್ನೂ ಸಾಕ್ಷಿಯೇ ಹುಟ್ಟಿಲ್ಲ. ಯಂತ್ರಕ್ಕೆ ಹೊರಡುವ ಹಕ್ಕು ಕೊಡಬೇಕಾದರೆ ಹೊರಡುವ ಬಯಕೆ ಅದಕ್ಕಿರಬೇಕು. ಅದನ್ನು ತಿಳಿಯುವ ಬಗೆ ಯಾವುದು ಎಂಬಲ್ಲಿ ನನ್ನ ವಾದವೂ ತಡವರಿಸಿ ನಿಲ್ಲುತ್ತದೆ, ಬಸದಿಯ ಜೀವ-ಅಜೀವದ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಇನ್ನೊಂದಿದೆ, ಸಣ್ಣದು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಯಂತ್ರಕ್ಕೆ ಈಗ ನಮ್ಮ ಮಾತು ಅಷ್ಟಿಷ್ಟು ಬರುತ್ತದೆ. ತೋಡಾರಿನ ಹೆದ್ದಾರಿ ಬದಿಯ ಯೆನೆಪೋಯ ತಾಂತ್ರಿಕ ಕಾಲೇಜಿನಲ್ಲಿ, ಮಿಜಾರಿನ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಒಬ್ಬರು ನಾಳೆ ಫೋನ್ ಹಿಡಿದು ಕಿರುಚಿತ್ರ ಮಾಡಲು ಆ ಚಾವಡಿಗೆ ಹೋಗಬಹುದು. ಕ್ಯಾಮೆರಾ ಮಗನ ಸ್ವರ ಬಿಟ್ಟು ತನ್ನದೇ ಸ್ವರದಲ್ಲಿ ಮೊದಲ ಮಾತು ಆಡಬೇಕಾದ ದೃಶ್ಯ ಬರುತ್ತದೆ. ಆಗ ಅದು ಆ ತಾಯಿಯನ್ನು ಏನೆಂದು ಕರೆಯಬೇಕು? ಅಪ್ಪೆ ಎಂದೋ, ಅಜ್ಜಿ ಎಂದೋ, ಕೆಲಸಕ್ಕೆ ಬಂದವರು ಕರೆಯುವ ಹಾಗೆ ಅಕ್ಕೆರೇ ಎಂದೋ? ಬೈರಾಸಿನೊಳಗಿಂದ ಬರುವ ಆ ಒಂದು ಪದವನ್ನು ಬರೆಯಬೇಕಾದವರು ಅವರೇ.